ಪರದೇಶದ ಪೈ ಮುಟ್ಟದಾಕಿ

ಕುರ್ಪಿ ಹಿಡಿದ ಹಾಗೆ ಪೆನ್ನು ಹಿಡಿದಿದ್ದಾಳೆ ಚಂದವ್ವ, ಕಸ ಕೀಳುವವಳಂತೆ ಕಾಗದದ ಮೇಲೆ ಒಂದೊಂದೇ ಅಕ್ಷರ ಎಬ್ಬಿಸುತ್ತಾಳೆ, ಹಿಂದೆ ಸಾಲಿನಲ್ಲಿ ನಿಂತವರು ಲಗೂನ ಮಾಡಬೇ ಮುದುಕಿ ಎನ್ನುತ್ತಾರೆ, ಹೆಬ್ಬೆಟ್ಟಾದ್ರ ಒಂದ ಗಳಿಗಿ ಕೆಲಸ ಇತ್ತು, ಈ ರಾಜೇಶ್ವರಿ ಬಾಯಾರು ಕಲಿಸಿ ಕೆಡಿಸ್ಯಾರ, ಎಂದು ಚಂದವ್ವ ಅಂದದ್ದಕ್ಕೆ ಮಂಟಪದ ಹೆಂಗಸರೆಲ್ಲ ನಕ್ಕರು, ವೇದಿಕೆಯ ಮೇಲೆ ಕೂತ ರಾಜೇಶ್ವರಿಯೂ ನಕ್ಕಳು, ನಗು ತುಟಿಯಿಂದ ಕೆಳಗಿಳಿಯಲಿಲ್ಲ — ಅಗರಖೇಡದ ಬೇವಿನ ನೆರಳಲ್ಲಿ ಎರಡು ತಿಂಗಳು ಆ ಕೈ ಹಿಡಿದು ತಿದ್ದಿಸಿದವಳು ತಾನು, ಆ ಕೈ ಈಗ ಸಹಿ ಹಾಕುತ್ತಿರುವುದು ಹೊರದೇಶದ ಹಣದಲ್ಲಿ ಸಂಸ್ಥೆ ನಡೆಸುವ ಹಳೆಯ ಗೆಳತಿ ಸುಮಂಗಲಾಳ ಮನವಿಗೆ. ಸುಮಂಗಲಾಳ ಮನವಿ, ಸುಮಂಗಲಾಳ ಬ್ಯಾನರು, ಹೊರಗೆ ನೆರಳು ಹುಡುಕಿ ನಿಂತ ಬಿಳಿ ಜೀಪು ಸುಮಂಗಲಾಳದು, ಬಾಗೇವಾಡಿಯ ಈ ಮಂಟಪ ಹಿಡಿದವಳೂ ಆಕೆಯೇ, ತಾನು ಜ್ವರ ಬಂದ ಮಗಳನ್ನು ನೆರೆಮನೆಯಲ್ಲಿ ಬಿಟ್ಟು ಇಂಡಿಯಿಂದ ಎರಡು ಬಸ್ಸು ಬದಲಿಸಿ, ಅರ್ಧ ದಾರಿ ನಿಂತುಕೊಂಡೇ ಬಂದವಳು, ಸೆರಗಿಗಿನ್ನೂ ಡೀಸೆಲ್ ವಾಸನೆ. ಮನವಿ ಬೇಡವೆನ್ನುವ ಆ ಹೊಸ ಕಾಯ್ದೆ ಬಂದರೆ ಹೊರದೇಶದ ಹಣ ಪಡೆಯುವ ಸಂಸ್ಥೆಗಳು ಐದು ವರ್ಷಕ್ಕೊಮ್ಮೆ ಮತ್ತೆ ಪರವಾನಗಿಗೆ ಕೈಯೊಡ್ಡಬೇಕು, ಬಡವರ ಪರ ಧರಣಿ ಕೂತರೆ ಇದು ರಾಜಕೀಯ ಅಂತ ಬರೆದು ಬಾಗಿಲು ಮುಚ್ಚಿಸಬಹುದು, ಮುಚ್ಚಲಿ, ಒಂದೇ ಒಂದು ವರ್ಷ ಮುಚ್ಚಲಿ, ಆಕೆಯೂ ಬಸ್ ಸ್ಟ್ಯಾಂಡಿನಿಂದ ಕಾಲು ಎಳೆಯುತ್ತ ಬರಲಿ, ಅಷ್ಟೇ, ಛೆ, ಆಕೆಯ ಮುದ್ದೇಬಿಹಾಳದ ಹಾಸ್ಟೆಲಿನಲ್ಲಿ ಎಪ್ಪತ್ತು ಹುಡುಗಿಯರಿದ್ದಾರೆ, ಅದು ಮುಚ್ಚಿ ನಾಳೆ ಹತ್ತಿ ಬಿಡಿಸಲು ಹೋದರೆ ಮತ್ತೆ ಶಾಲೆಯ ಮೆಟ್ಟಿಲು ಹತ್ತುವವರಲ್ಲ, ಗೊತ್ತು, ಗೊತ್ತಿದ್ದೂ ಹೊಟ್ಟೆಯೊಳಗೆ ಆ ಒಂದು ವರ್ಷ ಸಿಹಿಯಾಗಿ ಕರಗುತ್ತದೆ.

ಹೋದ ವಾರ ಸುಮಂಗಲಾ ಮನೆಗೆ ಬಂದಿದ್ದಳು, ಜೀಪನ್ನು ಓಣಿಯ ತುದಿಯಲ್ಲೇ ನಿಲ್ಲಿಸಿ, ಅದೂ ಒಂದು ದೊಡ್ಡತನ, ರಾಜಿ, ನಮ್ಮಂಥವ್ರು ನೂರು ಮಂದಿ ಚೀರಿದ್ರೂ ರೊಕ್ಕದ ಸಲುವಾಗಿ ಚೀರ್ತಾರ ಅಂತಾರ, ನಿನಗ ಹೊರಗಿನ ರೊಕ್ಕ ಇಲ್ಲ, ನೀ ಒಬ್ಬಾಕಿ ನಿಂತು ಮಾತಾಡಿದ್ರ ತೂಕ ಐತಿ. ತೂಕ. ತನ್ನ ಸಣ್ಣ ಸಂಸ್ಥೆಯ ಒಂಬತ್ತು ವರ್ಷದ ಹರಕು ಚಾಪೆ, ಸೋರುವ ಕೋಣೆ, ಬಿಟ್ಟುಹೋದ ಕಾರ್ಯಕರ್ತೆಯರು, ಎಲ್ಲ ಕೂಡಿ ಕೊನೆಗೆ ಸುಮಂಗಲಾಳ ತಕ್ಕಡಿಯಲ್ಲಿ ಒಂದು ಕಲ್ಲು. ನೀ ಹೇಳಿದ್ಯಲ್ಲ ಆಗಲಿ ಬಿಡು ಅಂದಿದ್ದಳು ತಾನು, ಚಹಾಕ್ಕೆ ಸಕ್ಕರೆ ಹೆಚ್ಚೇ ಹಾಕಿದ್ದಳು. ಇಬ್ಬರಿಗೂ ಗೊತ್ತಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ — ತೊಂಬತ್ತೆಂಟರಲ್ಲಿ ಇಬ್ಬರೂ ಒಂದೇ ಮೇಜಿನ ಮೇಲೆ, ಒಂದೇ ಪೆನ್ನಿನಲ್ಲಿ ಹೊರದೇಶದ ಹಣಕ್ಕಾಗಿ ದಿಲ್ಲಿಗೆ ಅರ್ಜಿ ಬರೆದಿದ್ದರು, ಒಂದೇ ವಾರ ಉತ್ತರ ಬಂತು, ಇಂಗ್ಲಿಷು ಓದಿ ಹೇಳಿದವಳು ಸುಮಂಗಲಾ, ನಿನ್ನದು ಒಪ್ಪಿಲ್ಲ ರಾಜಿ, ಅಂದು ತನ್ನದು ಒಪ್ಪಿದೆಯೆಂದು ಹೇಳಲಾರದೆ ತಲೆ ತಗ್ಗಿಸಿದಳು, ಕಂಡದ್ದು ಬೈತಲೆ ಮಾತ್ರ, ದಾರ ಹಿಡಿದು ಎಳೆದಷ್ಟು ನೆಟ್ಟಗೆ, ಬೆಳ್ಳಗೆ, ಆಮೇಲೆ ಮೆಲ್ಲಗೆ, ಬಾ, ಕೂಡೇ ಮಾಡೋಣು, ಅಂದಳು, ನಾ ಯಾರ ಕೈಯಾಗೂ ದುಡಿಯಾಕಿ ಅಲ್ಲ, ಅಂದವಳು ತಾನು. ಮರುವರ್ಷ ಸಿಂದಗಿಯ ಸಭೆಯಲ್ಲಿ ಯಾರೋ ಕೇಳಿದರು, ನೀವ್ಯಾಕ ಹೊರಗಿನ ರೊಕ್ಕ ತಗೊಳ್ಳಂಗಿಲ್ರಿ, ನಾಲಗೆ ತಾನಾಗಿ ಹೊರಳಿತು, ನಮಗ ಅದು ಬ್ಯಾಡ್ರಿ, ಚಪ್ಪಾಳೆ, ಎದುರಿನ ಸಾಲಿನಲ್ಲಿ ಅದೇ ತಗ್ಗಿದ ತಲೆ, ಅದೇ ಬೈತಲೆ. ಅಂದಿನಿಂದ ಆ ಮಾತು ಆಡಿದ ಕಡೆಯೆಲ್ಲ ಆಕೆ ಹಾಗೆಯೇ ತಗ್ಗುತ್ತಾಳೆ, ಒಮ್ಮೆಯೂ ಒಬ್ಬರ ಮುಂದೂ ಆ ಅರ್ಜಿಯ ಗುಟ್ಟು ಬಿಟ್ಟುಕೊಟ್ಟಿಲ್ಲ, ಜೀಪು ಹೋಗಲಿ, ಹಾಸ್ಟೆಲ್ ಹೋಗಲಿ, ಬಾಯಿ ಮುಚ್ಚಿಕೊಂಡಿರುವ ಆ ದೊಡ್ಡ ಗುಣವೂ ಆಕೆಗೇ ಸಿಗಬೇಕೇ.

ಸಭೆ ನಡೆಸುವ ಹಣಮಂತ್ರಾಯ ಮಾಸ್ತರು ಮೈಕು ತಟ್ಟುತ್ತಿದ್ದಾರೆ, ಪತ್ರಿಕೆಯವರಿಬ್ಬರು ಪೆನ್ನು ತೆಗೆದರು, ನಾಳೆ ಮನವಿ ದಿಲ್ಲಿಗೆ, ಈಗ ಮಾತಾಡೋರು ನಮ್ಮ ರಾಜೇಶ್ವರಿ ಅಕ್ಕಾರು, ಪರದೇಶದ ಒಂದ ಪೈ ಮುಟ್ಟದಾಕಿರಿ, ಇಂಥಾವ್ರು ವಿರೋಧ ಮಾಡ್ತಾರಂದ್ರ ಸರಕಾರ ಕೇಳಬೇಕ್ರಿ, ಚಪ್ಪಾಳೆ, ಕಾಲು ಎದ್ದಿವೆ, ಮೈಕಿನ ಕಬ್ಬಿಣ ಬಿಸಿ, ಹೌದೆಂದರೆ ಸುಮಂಗಲಾ ಉಳಿಯುತ್ತಾಳೆ, ತಾನು ಸಾಯುವವರೆಗೆ ಆಕೆಯ ಮೌನದ ಸೆರಗಿನಡಿ, ನಿಜ ಹೇಳಿದರೆ ಈ ಸಭೆಯ ತೂಕವೇ ಹೋಗುತ್ತದೆ, ಎಲ್ಲರೂ ರೊಕ್ಕ ಬೇಡಿದವರೇ ಅಂತ ನಾಳೆ ಅಚ್ಚಾಗುತ್ತದೆ, ನಿಜವಾ ಇದು, ಹೊಟ್ಟೆಕಿಚ್ಚಾ, ಯಾವುದು ಯಾವುದರ ಸೀರೆ ಉಟ್ಟಿದೆಯೋ, ಎಪ್ಪತ್ತು ಹುಡುಗಿಯರು, ಎಪ್ಪತ್ತು — ಮಾಸ್ತರು ಹೇಳಿದ್ದು ಖರೆ ಅಲ್ರಿ, ತನ್ನದೇ ದನಿ ಮಂಟಪದ ಗೋಡೆಗೆ ಬಡಿದು ಬರುತ್ತಿದೆ, ನಾನೂ ಅರ್ಜಿ ಹಾಕಿದ್ದೆನ್ರಿ, ನನಗ ಕೊಡಲಿಲ್ಲ, ಕೊಟ್ಟಿದ್ರ ತಗೋತಿದ್ದೆ. ಪೆನ್ನುಗಳು ಓಡುತ್ತಿವೆ, ಮಾಸ್ತರ ಬಾಯಿ ತೆರೆದೇ ಇದೆ, ಎದುರಿನ ಸಾಲಿನ ಸುಮಂಗಲಾ ಈಗಲಾದರೂ ಸಿಟ್ಟಾಗುತ್ತಾಳೆ, ಹಾಳು ಮಾಡಿದ್ಯಲ್ಲ ರಾಜಿ ಅನ್ನುತ್ತಾಳೆ, ಅನ್ನಲಿ, ಒಮ್ಮೆ ಬಯ್ಯಲಿ, ಹೊಡೆಯಲಿ ಬೇಕಾದರೆ, ಎತ್ತು, ಮುಖ ಎತ್ತು ಸುಮಿ, ಎತ್ತು — ಬೈತಲೆ, ನೆಟ್ಟಗೆ, ಬೆಳ್ಳಗೆ, ಬೈತಲೆ