ಹದಿನೇಳನೆಯ ಉತ್ತರದಾತೆ

೨೦೦೪ರಲ್ಲಿ ಪುಣೆಯಲ್ಲಿ ಎಂ.ಫಿಲ್‌ಗೆ ಸೇರಿದಾಗ ಸಂಶೋಧನೆಯ ಭಾಷೆ ನನಗೆ ಕಬ್ಬಿಣದ ಕಡಲೆಯಾಗಿತ್ತು. ಮಾರ್ಗದರ್ಶಕಿ ಸುಲಭಾ ಮೇಡಂ ಬಳಸುವ ಪದಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕಕ್ಕೆ ನನ್ನದೇ ಅರ್ಥ ಬರೆಯುತ್ತಿದ್ದೆ. ಸ್ಯಾಂಪಲ್: ಎಲ್ಲರ ಪರವಾಗಿ ಮಾತಾಡುವ ನಲವತ್ತು ಮನೆ. ಔಟ್‌ಲೈಯರ್: ಗುಂಪಿಗೆ ಸೇರದೆ ದೂರ ನಿಂತ ಒಂದು ಲೆಕ್ಕ. ಅನಾಮಧೇಯತೆ: ಹೆಸರು ಬರೆಯದಿರುವುದು. ಇಷ್ಟು ಸರಳ ಸಂಗತಿಗೆ ಇಷ್ಟುದ್ದದ ಪದ ಬೇಕೇ ಎಂದು ನಕ್ಕಿದ್ದೆ. ಆ ನಗು ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅಪ್ಪ ವಿಜಾಪುರದಿಂದ ಗುಮಾಸ್ತರಾಗಿ ಬಂದವರು, ಹಾಗಾಗಿ ಮನೆಯಲ್ಲಿ ಕನ್ನಡ. ಅದಕ್ಕೇ ಮೇಡಂ ನನಗೆ ಗುಲಬರ್ಗಾ ಕಡೆಯ ಕಟ್ಟಡ ಕಾರ್ಮಿಕರ ವಿಷಯ ಕೊಟ್ಟರು. ಅವರು ಎಷ್ಟು ದಿನಕ್ಕೊಮ್ಮೆ ಜಾಗ ಬದಲಿಸುತ್ತಾರೆ, ಯಾಕೆ ಬದಲಿಸುತ್ತಾರೆ ಎಂಬುದು ನನ್ನ ಪ್ರಶ್ನೆ. ಖರಾಡಿಯಲ್ಲಿ ಮೇಲೇಳುತ್ತಿದ್ದ ಒಂದು ವಸತಿ ಸಮುಚ್ಚಯದ ಹಿಂದೆ ಅವರ ತಗಡಿನ ಗುಡಿಸಲುಗಳಿದ್ದವು. ಬರೆದದ್ದರ ಒಂದು ಪ್ರತಿ ತನಗೆ ಕೊಡಬೇಕೆಂಬ ಕರಾರಿನ ಮೇಲೆ ಸೈಟ್ ಮ್ಯಾನೇಜರ್ ಕಿಶೋರ ಒಳಗೆ ಬಿಟ್ಟ. ನಾನು ಎರಡು ಸಲ ಥ್ಯಾಂಕ್ಸ್ ಹೇಳಿದೆ.

ಹದಿನೇಳನೆಯ ಗುಡಿಸಲು ಪಾರವ್ವನದು.

"ಮಕ್ಕಳು ಎಷ್ಟು ಮಂದಿ, ಪಾರವ್ವ?"

"ನಾಲ್ಕ್ ಮಂದಿ ಅದಾರ್ರಿ ಅಕ್ಕಾರ."

ಎದುರಿಗಿದ್ದವರು ಮೂವರು. ಇನ್ನೊಂದು ಮಗು ಹೊರಗೆ ಆಡುತ್ತಿರಬೇಕೆಂದು ನಾಲ್ಕು ಎಂದೇ ಬರೆದೆ.

ಮನೆಯಲ್ಲಿ ಕೂತು ನಲವತ್ತೂ ಮನೆಗಳ ಮಕ್ಕಳನ್ನು ಕೂಡಿಸಿದರೆ ನೂರಾಹದಿಮೂರು. ನಾನು ಒಬ್ಬೊಬ್ಬರನ್ನೇ ನೋಡಿ ಬರೆದುಕೊಂಡ ಪಟ್ಟಿಯಲ್ಲಿ ನೂರಾಹನ್ನೆರಡು. ಮತ್ತೆ ಕೂಡಿಸಿದೆ. ಎಷ್ಟು ಸಲ ಕೂಡಿಸಿದರೂ ಯಾರೂ ನೋಡದ ಒಂದು ಮಗು ಹೆಚ್ಚು ಬರುತ್ತಿತ್ತು. ಅಷ್ಟೇ ಅಲ್ಲ, ಎಲ್ಲರೂ ಎಂಟು-ಹತ್ತು ತಿಂಗಳಿಗೆ ಬೇರೆ ಸೈಟಿಗೆ ಹೋಗುವವರು. ಪಾರವ್ವನ ಸಂಸಾರವೊಂದೇ ಮೂರು ವರ್ಷದಿಂದ ಅಲ್ಲೇ ಇತ್ತು.

"ಔಟ್‌ಲೈಯರನ್ನು ಒರೆಸಿ ಹಾಕಬೇಡ. ಕಾರಣ ಕೇಳಿಕೊಂಡು ಬಾ" ಎಂದರು ಮೇಡಂ, ಮರಾಠಿಯಲ್ಲಿ.

ಹೋದಾಗ ಪಾರವ್ವ ಊಟಕ್ಕೆ ಮೊದಲು ರೊಟ್ಟಿಯ ಚೂರು ಹಿಡಿದುಕೊಂಡು ಎದ್ದಳು. ನಾನೂ ಹಿಂದೆ ಹೋದೆ. ಅರ್ಧ ಕಟ್ಟಿದ ಬಿ ಕಟ್ಟಡದ ನೆಲಮಾಳಿಗೆಯಲ್ಲಿ, ಒಂದು ಕಂಬದ ಬುಡದಲ್ಲಿ ಅದನ್ನಿಟ್ಟು ಸೆರಗು ಸರಿಮಾಡಿಕೊಂಡಳು.

"ನಮ್ಮ ಮಗಳು ಅವ್ವಮ್ಮ ಇಲ್ಲೇ ಅದಾಳ್ರಿ. ಐದು ವರ್ಷದಾಕಿ, ಜ್ವರ ಬಂದು ಹೋದ್ಳು. ಸುಡುಗಾಡಿಗೆ ಒಯ್ದ್ರ ಕಾಗದ ಕೇಳ್ತಾರ, ಇಲ್ಲೇ ಮೂಲ್ಯಾಗ ಮಣ್ಣು ಮಾಡ್ರಿ ಅಂದ್ರು ಆಗಿನ ಮೇಸ್ತ್ರಿ. ಮಾಡಿದ್ವಿ. ಆಮ್ಯಾಲ ಮ್ಯಾಲ ಕಂಬ ಎಬ್ಬಿಸಿದ್ರು. ಆಕೀನ ಒಬ್ಬಾಕೀನ ಬಿಟ್ಟು ಹ್ಯಾಂಗ ಹೋಗೂದ್ರಿ? ಯಾರ ಮುಂದೂ ಹೇಳಬ್ಯಾಡ್ರಿ ಅಕ್ಕಾರ. ಗೊತ್ತಾದ್ರ ನಮ್ಮನ್ನ ಇಲ್ಲಿ ಇರಗೊಡೂದಿಲ್ಲ."

"ನಿಮ್ಮ ಹೆಸರು ಎಲ್ಲೂ ಬರೂದಿಲ್ಲ" ಎಂದು ಆಣೆ ಮಾಡಿದೆ.

ಆಣೆ ಉಳಿಸಿಕೊಂಡೆ ಎಂದೇ ನಂಬಿದ್ದೆ. ಒಂದೇ ಪ್ಯಾರಾ ಬರೆದೆ. ಉತ್ತರದಾತೆ ೧೭, ಮೂರು ವರ್ಷದಿಂದ ಅದೇ ಜಾಗ, ಕಾರಣ ಬಿ ಕಟ್ಟಡದ ಕೆಳಗಿರುವ ಮಗಳ ಸಮಾಧಿ. ಹೆಸರಿಲ್ಲ, ಊರಿಲ್ಲ. ನನ್ನ ಬರಹಕ್ಕೆ ನಾನೇ ಮರುಳಾಗಿ, ಮೇಡಂ ಓದುವ ಮೊದಲೇ ಕರಾರಿನಂತೆ ಕಿಶೋರನಿಗೆ ಪ್ರತಿ ಕೊಟ್ಟು ಬಂದೆ.

ಮುಂದಿನ ವಾರ ಮೇಡಂ ಆ ಪ್ಯಾರಾ ಓದಿ ಕನ್ನಡಕ ತೆಗೆದರು.

"ಮೂರು ವರ್ಷದಿಂದ ಅಲ್ಲೇ ಇರುವ ಮನೆ ಎಷ್ಟಿವೆ?"

"ಒಂದೇ, ಮೇಡಂ."

"ಮತ್ತೆ ಹೆಸರು ಯಾತಕ್ಕೆ ಬೇಕು? ಯಾರಿಗೆ ಬೇಕಾದರೂ ಗುರುತು ಸಿಗುತ್ತದೆ. ಇದನ್ನು ಇನ್ಯಾರಿಗೆ ತೋರಿಸಿದ್ದೀ?"

ನಾನು ಎದ್ದು ಖರಾಡಿಗೆ ಓಡಿದೆ.

ಹದಿನೇಳನೆಯ ಗುಡಿಸಲಿನ ಜಾಗದಲ್ಲಿ ಮೂರು ಒಲೆಗಲ್ಲು, ಬೂದಿ. ಪಕ್ಕದ ಗುಡಿಸಲಿನ ಭಾಮಾ ಹೊರಗೆ ಬಂದಳು.

"ಮೊನ್ನೆ ಟೆಂಪೋದಾಗ ಸಾಮಾನು ಹೇರಿ ಕಳಿಸಿಬಿಟ್ರು. ಹೆಣದ ಮ್ಯಾಲಿನ ಫ್ಲ್ಯಾಟ್ ಯಾರು ತಗೋತಾರಂತ ಮ್ಯಾನೇಜರ್ ಸಾಹೇಬ ಭಾಳ ಒದರಿದ. ಎಲ್ಲಿಗೆ ಒಯ್ದ್ರೋ ಗೊತ್ತಿಲ್ಲ. ಯಾವ ಪುಣ್ಯಾತ್ಮರು ಹೇಳಿದ್ರೋ."

ನಾನು ಒಲೆಗಲ್ಲಿನ ಪಕ್ಕ ಕುಕ್ಕರಿಸಿದೆ.

"ಪಾರವ್ವ ನಿಮಗೊಂದು ಮಾತು ಹೇಳಿ ಹೋಗ್ಯಾಳ್ರಿ. ನನ್ನ ಮಗಳ ಬಗ್ಗೆ ಕೇಳಿದವರು ಆ ಅಕ್ಕಾರೊಬ್ರೇ. ಇನ್ನ ಆಕೀನ ಅವರ ಮ್ಯಾಲೇ ಬಿಟ್ಟೀನಿ, ಆಗಾಗ ಬಂದು ನೋಡ್ಲಿ, ಅಂದ್ಳು."

ನಾನು ನೆಲಮಾಳಿಗೆಗೆ ಇಳಿದೆ. ಆ ಕಂಬದ ಸುತ್ತ ಆಗಲೇ ಹೊಸ ಕಾಂಕ್ರೀಟು ಸುರಿದಿದ್ದರು, ಇನ್ನೂ ಹಸಿಯಾಗಿತ್ತು. ಅದರ ಅಂಚಿನಲ್ಲಿ ಕೂತೆ. ಅವ್ವಮ್ಮಾ, ಎಂದು ಕರೆದೆ. ಒಂದು ಸಣ್ಣ ಹುಡುಗಿ ಯಾರದೋ ದಾರಿ ನೋಡುತ್ತಾ ಅಲ್ಲೇ ಕೂತಿದ್ದಾಳೆ ಅನ್ನಿಸಿತು.

"ನಿಮ್ಮವ್ವ ಇನ್ನ ಬರೂದಿಲ್ಲವ್ವಾ" ಎಂದೆ. "ಆಕೀನ ಇಲ್ಲಿಂದ ಎಬ್ಬಿಸಿದಾಕಿ ನಾನೇ."