ತೊಳೆದ ಕೈ

ಹತ್ತಿ ಬಿಡಿಸುವ ಜಿನ್ನಿನ ಹಲ್ಲಿಗೂ ಸಿಗದೆ ಅರಳೆಯಲ್ಲಿ ಉಳಿದ ಬೀಜದ ಚೂರೊಂದು ಬೆರಳ ತುದಿಗೆ ಚುಚ್ಚಿತು, ಅಕ್ಕನಾಗಮ್ಮ ಅದನ್ನು ಉಗುರಿನಿಂದ ಕಿತ್ತು ಗೋಡೆಯ ಕಡೆ ಎಸೆದಳು, ಬೆರಳಿಗೆ ಬೂದಿ ಮುಟ್ಟಿಸಿ ಮತ್ತೆ ಹೊಸೆದಳು, ಒಂದು ಬತ್ತಿ, ಮೊದಲನೆಯ ಹಂತ ನೋವು ಶುರುವಾದಾಗಿನಿಂದ ಗರ್ಭದ ಬಾಯಿ ಪೂರ್ತಿ ತೆರೆಯುವ ತನಕ, ಇನ್ನೊಂದು ಬತ್ತಿ, ಎರಡನೆಯದು ಬಾಯಿ ತೆರೆದಾಗಿನಿಂದ ಕೂಸು ಹೊರಗೆ ಬರುವ ತನಕ, ಮತ್ತೊಂದು, ಮೂರನೆಯದು ಮಾಸು ಬೀಳುವ ತನಕ, ಮಾಸನ್ನು ಜಗ್ಗಬಾರದು, ಕಾಯಬೇಕು — ಏನ ನಾಗವ್ವ, ಬಾಯಾಗ ಏನ ಗುಣುಗುಣು ನಡದೈತಿ, ಅಂದಳು ಪಂಪಮ್ಮ, ಗಂಡನ ಅಣ್ಣನ ಹೆಂಡತಿ, ಪಡಸಾಲೆಯ ಆ ತುದಿಗೆ ಮೊರ ಹಿಡಿದು ಜೋಳ ಕೇರುತ್ತ. ವಚನ ಅಕ್ಕಾ. ಯಾವ ವಚನವ್ವ ಅದು, ಬಾಯಿ ತೆರೀತು ಬಾಯಿ ತೆರೀತು ಅಂತೈತಿ. ಹೊಸಾದು ಐತಿ. ಪಂಪಮ್ಮ ನಕ್ಕಳು, ಮೊರ ತಟ್ಟಿದಳು, ಹೊಟ್ಟು ಅಂಗಳದ ಬಿಸಿಲಿಗೆ ಹಾರಿತು, ನಗಲಿ, ಸೋಮವಾರದ ತನಕ ನಗಲಿ. ಸೋಮವಾರ ಸಂಜೆ ಮಠದಲ್ಲಿ ದೀಪ, ಆ ದೀಪಕ್ಕೇ ಈ ಬತ್ತಿ, ಆ ದೀಪದ ಮುಂದೆ ಕೂಡಿಸಿ ಇವಳಿಗೇ ಸನ್ಮಾನ, ತನ್ನ ಸನ್ಮಾನದ ಬತ್ತಿಯನ್ನು ತಾನೇ ಹೊಸೆಯುವ ಹೆಂಗಸು ಇಡೀ ಆದವಾನಿಯಲ್ಲಿ ಇನ್ನೊಬ್ಬಳು ಸಿಗಲಿಕ್ಕಿಲ್ಲ, ಅದೂ ಯಾತರ ಸನ್ಮಾನ, ಹೆರಿಗೆ ನರ್ಸಿನ ಪರೀಕ್ಷೆಯಲ್ಲಿ ಬಿದ್ದದ್ದಕ್ಕೆ. ಬಿದ್ದವರನ್ನು ಊರು ಆಡಿಕೊಳ್ಳುತ್ತದೆ, ಮನೆಯವರು ಮುಖ ತಿರುವುತ್ತಾರೆ, ಅದನ್ನೆಲ್ಲ ತಡೆದುಕೊಳ್ಳಲು ಅವಳು ಬಳ್ಳಾರಿಯಿಂದ ಬರುವಾಗ ರೈಲಿನಲ್ಲೇ ಹಲ್ಲು ಕಚ್ಚಿ ತಯಾರಾಗಿದ್ದಳು, ಆದರೆ ಹೊಗಳಿಕೆಗೆ ತಯಾರಾಗಿರಲಿಲ್ಲ, ಹೊಗಳಿಕೆ ಹಗ್ಗದ ಹಾಗೆ ಬಂದು ಸುತ್ತಿಕೊಂಡಿತು.

ಹೊಗಳಿಕೆ ಹುಟ್ಟಿದ್ದು ಭಾವನ ಬಾಯಲ್ಲಿ. ಭೀಮಲಿಂಗಪ್ಪನವರು ಹತ್ತಿ ಪೇಟೆಯ ಗಾದಿಯ ಮೇಲೆ ಕೂತು, ನಮ್ಮ ತಮ್ಮನ ಹೆಂಡತಿ ಏನ ಮಾಡಿದಳು ಗೊತ್ತೈತೇನ್ರಿ, ಡಾಕ್ಟರಮ್ಮ ಕೊಳ್ಳಾಗಿನ ಲಿಂಗ ತೆಗದಿಡು ಅಂದಳು, ಆಕಿ ಲಿಂಗ ಬಿಡಲಿಲ್ಲ, ಪರೀಕ್ಷಾನ ಬಿಟ್ಟು ಬಂದಳು — ದಲಾಲಿ ಉಚ್ಚೀರಪ್ಪ ಅದಕ್ಕೆ ಇನ್ನಷ್ಟು ಸೇರಿಸಿದ, ಕೊನೆಗೆ ಆ ಡಾಕ್ಟರಮ್ಮನ ಕೈ ಮುಗದಳಂತ್ರಿ — ಅದು ಮಠಕ್ಕೆ ಹೋಯಿತು, ಸ್ವಾಮಿಗಳು ರೇವಣಸಿದ್ದಯ್ಯನವರು ಕಣ್ಣಲ್ಲಿ ನೀರು ತಂದುಕೊಂಡರಂತೆ, ಇಂಥ ಶರಣೆಗೆ ನಾವೇ ಲಿಂಗದ ಕರಡಿಗೆ ಕಟ್ಟಿ ಹರಸೋಣ ಅಂದರಂತೆ. ಯಾರೂ ಇವಳನ್ನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು, ಲಿಂಗ ತೆಗಿ ಅಂತ ಯಾರೂ ಅನ್ನಲಿಲ್ಲ, ಆದದ್ದು ಬೇರೆ. ಬಳ್ಳಾರಿಯ ಆ ವಾರ್ಡು, ಮಂಚದ ಮೇಲೆ ಪಕೀರಮ್ಮ ಅನ್ನುವ ಹೆಂಗಸು, ಎರಡನೆಯ ಹಂತ, ಕೂಸಿನ ನೆತ್ತಿ ಕಾಣತೊಡಗಿದೆ, ಪರೀಕ್ಷೆಗೆ ಬಂದ ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಳ್ಳುತ್ತ ಕಾಲ ಕಡೆ ನಿಂತಿದ್ದಾರೆ, ಇವಳು ಕೈ ತೊಳೆಯುತ್ತಿದ್ದಾಳೆ, ಆದವಾನಿಯ ಆಸ್ಪತ್ರೆಯಲ್ಲಿ ನರ್ಸು ಎಸ್ತೇರಮ್ಮ ಕಲಿಸಿದ ಹಾಗೆಯೇ, ಉಗುರಿನ ಸಂದಿಗೆ ಬ್ರಶ್ಶು, ಬೆರಳ ಸಂದಿಗೆ ಬ್ರಶ್ಶು, ಸೋಪು, ಔಷಧದ ನೀರು, ಆಮೇಲೆ ಎರಡೂ ಕೈ ಮೇಲೆ ಎತ್ತಬೇಕು, ನೀರು ಮಣಿಕಟ್ಟಿನಿಂದ ಮೊಣಕೈಗೆ ಇಳಿದು ಅಲ್ಲಿಂದ ತೊಟ್ಟಿಕ್ಕಬೇಕು, ಇನ್ನು ಅವು ಬಾಣಂತಿಯ ಕೈ, ಯಾವುದನ್ನೂ ಮುಟ್ಟುವಂತಿಲ್ಲ, ಮೂಗು ತುರಿಸಿದರೂ ಇಲ್ಲ. ಎತ್ತಿದಳು. ಬಗ್ಗಿದಳು. ಕೊರಳ ದಾರ ಬೆವರಿಗೆ ನೆನೆದು ನವೆದಿತ್ತೋ, ಗಂಟೇ ಸಡಿಲಿತ್ತೋ, ಕುಪ್ಪಸದೊಳಗಿಂದ ಲಿಂಗದ ಬಟ್ಟೆಗಂಟು ಜಾರಿ ಹೊರಗೆ ಬಂತು, ನೆಲಕ್ಕೆ ಬೀಳಬೇಕು, ಬೀಳಲಿಲ್ಲ, ಕೈ ಹಿಡಿದುಬಿಟ್ಟಿತ್ತು. ಅವಳು ಹಿಡಿದದ್ದಲ್ಲ, ಕೈ ಹಿಡಿದದ್ದು, ಹುಟ್ಟಿದಾಗಿನಿಂದ ದಿನಾ ಬೆಳಿಗ್ಗೆ ಲಿಂಗ ಕೂತೆದ್ದ ಎಡಗೈಯ ಅಂಗೈ, ಅದಕ್ಕೆ ಪರೀಕ್ಷೆ ಗೊತ್ತಿಲ್ಲ, ಡಾಕ್ಟರಮ್ಮ ಗೊತ್ತಿಲ್ಲ. ಹಿಡಿದು ಎರಡೂ ಕಣ್ಣಿಗೆ ಒತ್ತಿಕೊಂಡಿತು, ಕುಪ್ಪಸದೊಳಗೆ ತುರುಕಿತು, ಅದೇ ಕೈ ಹಾಗೇ ಪಕೀರಮ್ಮನ ಕಡೆಗೆ ಚಾಚಿತು. ನಿಲ್ಲು. ಡಾಕ್ಟರಮ್ಮ ದನಿ ಏರಿಸಲಿಲ್ಲ. ಈ ಹೆಂಗಸು ಸತ್ತಳು, ಅಂದರು. ಮಂಚದ ಮೇಲಿನ ಪಕೀರಮ್ಮ ನೋವಿನ ನಡುವೆ ತಲೆ ಎತ್ತಿ, ಯಾರು ಸತ್ತಾರ್ರೀ, ನಾನಾ, ಅಂದಳು. ವಾರ್ಡಿನ ನರ್ಸು ಇವಳನ್ನು ಪಕ್ಕಕ್ಕೆ ಸರಿಸಿ ಕೂಸನ್ನು ಹಿಡಿದಳು, ಕೂಸು ಅತ್ತಿತು, ತಾಯಿ ಬದುಕಿದಳು, ಸತ್ತದ್ದು ಇವಳ ಪರೀಕ್ಷೆ ಮಾತ್ರ. ಆಮೇಲೆ ಡಾಕ್ಟರಮ್ಮ ಹೊರಗೆ ಕರೆದು ಕೇಳಿದ್ದು ಇಷ್ಟೇ, ಹಿಡಿದ ಮೇಲೆ ಮತ್ತೆ ತೊಳೆಯಲಿಲ್ಲ ಯಾಕೆ, ತೊಳೆಯುವಷ್ಟು ವೇಳೆ ಇಲ್ಲದಿದ್ದರೆ ಹಿಡಿದೆ ಯಾಕೆ. ಲಿಂಗ ಮುಟ್ಟಿದ ಕೈಯನ್ನು ಯಾಕೆ ತೊಳೆಯಬೇಕು, ಅದು ಕೆಟ್ಟ ಕೈ ಅಂತ ಅವಳಿಗೆ ಅನ್ನಿಸಿಯೇ ಇರಲಿಲ್ಲ, ಬೆವರಿನಲ್ಲಿ ನೆಂದ ಹಳೆಯ ಬಟ್ಟೆಗಂಟು, ಕಣ್ಣಿನ ಪಿಸುರು, ಯಾವುದೂ ಕಂಡಿರಲಿಲ್ಲ, ಕೈ ಇನ್ನೂ ಹೆಚ್ಚು ಮಡಿಯಾಯಿತು ಅಂತಲೇ ಅನ್ನಿಸಿತ್ತು.

ಸತ್ತಳು ಅಂದ ಆ ಮಾತು — ಬತ್ತಿ ನಡುವೆಯೇ ತುಂಡಾಯಿತು, ಮತ್ತೆ ಅರಳೆ ತಗೊಂಡಳು — ಆ ಮಾತು ಹೂವಮ್ಮನ ಹೆಸರು ಹಿಡಿದೇ ಒಳಗೆ ಹೋಯಿತು. ಹೂವಮ್ಮ, ಬೆನ್ನಿಗೆ ಬಿದ್ದ ತಂಗಿ, ಇದೇ ಮನೆಯ ಕಿರಿಯ ಮಗನಿಗೆ ಕೊಟ್ಟ ಹುಡುಗಿ, ಪೆದ್ದಹರಿವಾಣದ ತವರಿನಿಂದ ಅಕ್ಕ ತಂಗಿ ಒಂದೇ ಬಾಗಿಲಿಗೆ ಬಂದದ್ದು, ಅಕ್ಕನ ಗಂಡ ಚಂದ್ರಣ್ಣ ಕಾಲರಾದಲ್ಲಿ ಹೋದ, ತಂಗಿ ಬಾಣಂತನದಲ್ಲಿ ಹೋದಳು. ಅಗೋ ಆ ಕೋಣೆ, ಈಗ ಅಲ್ಲಿ ಹತ್ತಿಯ ಬೋರೆಚೀಲ ಒಟ್ಟಿದ್ದಾರೆ. ಸೂಲಗಿತ್ತಿ ಮುದುಕಿ ಗಿಡ್ಡಮ್ಮ ಇನ್ನೊಂದು ಮನೆಯ ಬಾಣಂತಿಯ ಜ್ವರದ ಬಟ್ಟೆ ಒಗೆದು, ಸೆರಗಿಗೆ ಕೈ ಒರೆಸಿಕೊಂಡು, ಹಾಗೇ ಬಂದಿದ್ದಳು, ಆಕೆಗೆ ಯಾರು ಹೇಳಿಕೊಟ್ಟಿದ್ದರು, ಆಕೆಯ ಮೇಲೆ ಸಿಟ್ಟಿಲ್ಲ, ಕೂಸು ಹುಟ್ಟುತ್ತಲೇ ಹೋಯಿತು, ಮೂರನೆಯ ದಿನ ಹೂವಮ್ಮನ ಮೈ ಕಾದ ಹಂಚು, ಕೋಣೆಯಲ್ಲಿ ಆ ವಾಸನೆ, ಅದನ್ನು ಮುಚ್ಚಲು ಲೋಬಾನ ಹಾಕಿದ್ದರು. ಅಕ್ಕಾ, ಕಾಲು ತಣ್ಣಗಾಗ್ಯಾವು ನೋಡು, ಅಂದಿದ್ದಳು. ಆವತ್ತು ಇವಳು ಈ ಮನೆಗೆ ಬಂದ ಮೇಲೆ ಮೊದಲ ಸಲ ಬಾಗಿಲ ಮರೆಯಿಂದ ಭಾವನೊಡನೆ ಮಾತಾಡಿದಳು, ಆಸ್ಪತ್ರಿಗೆ ಒಯ್ಯೋಣ್ರಿ, ಜಟಕಾ ತರಸ್ರಿ, ನಿಮ್ಮ ಕಾಲು ಬೀಳ್ತೀನಿ. ಭಾವ ಎಲೆ ಮಡಿಸುತ್ತಿದ್ದರು. ನಮ್ಮ ಮನೀ ಹೆಣ್ಣುಮಕ್ಕಳು ಆಸ್ಪತ್ರಿಗೆ ಹೋಗಿ ಯಾರ್‍ಯಾರದೋ ಕೈಯಾಗ ಬೀಳೂದಿಲ್ಲ ಅನ್ನು ಆಕಿಗೆ, ಅಂದರು ಪಂಪಮ್ಮನಿಗೆ, ಇವಳಿಗಲ್ಲ. ಮಣ್ಣು ಮಾಡಿ ಬಂದು, ಶಿವನಿಚ್ಛೆ ಅಂದರು, ಆ ಕಿರಿಯನಿಗೆ ಎಮ್ಮಿಗನೂರಿನ ಹೆಣ್ಣು ತಂದರು, ಬೋರೆ ಒಟ್ಟಿದರು. ಬೋರೆ ಒಟ್ಟಿದ ಆ ದಿನವೇ ಅವಳು ಊಟ ಬಿಟ್ಟು ಕೂತದ್ದು, ನಾ ಕೈ ತೊಳಿಯೂದು ಕಲೀತೀನಿ, ಆಸ್ಪತ್ರಿಗೆ ಕಳಸ್ರಿ ಅಂತ, ರೇವಣಸಿದ್ದಯ್ಯನವರೇ ಬಂದು, ಹೆರಿಗೆಯ ಸೂತಕ ನಮಗಿಲ್ಲಪ್ಪ, ಹೋಗಲಿ ಬಿಡು ಅಂದದ್ದರಿಂದ ಭಾವ ಬಾಯಿ ಮುಚ್ಚಿದ್ದರು, ಮುಚ್ಚಿದ್ದರು, ಮರೆತಿರಲಿಲ್ಲ. ಈಗ ಅದೇ ಸ್ವಾಮಿಗಳ ಬಾಯಿಂದ ಶರಣೆ ಅನ್ನಿಸಿ ಬಾಗಿಲು ಹಾಕುತ್ತಿದ್ದಾರೆ, ಶರಣೆ ಆದಾಕಿ ಮತ್ತ ಆ ಪರೀಕ್ಷಾಕ ಹೋದರ ಮಠದ ಮಾನ ಏನಾಗಬೇಕು. ಕೂಡಿಸಿ ಪೂಜೆ ಮಾಡಿ ಬತ್ತಿ ಹೊಸೆಸುವುದು, ಜೋಳ ಬೀಸಿಸುವುದು, ಸಾಯುವ ತನಕ. ತೊಳೆಯದ ಕೈಯಿಂದ ಹೂವಮ್ಮ ಸತ್ತಳು, ತೊಳೆಯದ ಕೈಗೇ ಈ ಊರು ಹೂಮಾಲೆ ಹಾಕುತ್ತದೆ, ಆ ಮಾಲೆಗೆ ಕೊರಳೊಡ್ಡಿದರೆ ತಂಗಿಯ ಮಣ್ಣಿನ ಮೇಲೆ ನಿಂತು ಕೈ ಮುಗಿದ ಹಾಗೆ.

ನಿನ್ನೆ ಎಸ್ತೇರಮ್ಮ ಬಂದಿದ್ದಳು, ಹಿತ್ತಿಲ ಬಾಗಿಲಿಗೆ, ಗಾದಿಗೆ ಅರಳೆ ಬೇಕು ಅನ್ನುವ ನೆಪ ಮಾಡಿ, ಅರಳೆಯನ್ನು ಕೈಯಲ್ಲಿ ಹಿಂಜಿ ನೋಡುತ್ತ, ಪಂಪಮ್ಮ ತಕ್ಕಡಿ ತರಲು ಒಳಗೆ ಹೋದಾಗ, ತನ್ನ ತೆಲುಗು ಬೆರೆಸಿ — ಏಮಮ್ಮಾ ಶರಣಮ್ಮ, ಮಂಗಳವಾರ ಪೊದ್ದುನ್ನೇ, ಬೆಳಿಗ್ಗೆನೇ, ಬಳ್ಳಾರಿಯಾಗ ಮತ್ತೆ ಪರೀಕ್ಷೆ, ಸೋಮವಾರ ಸಂಜೆ ಬಂಡಿಗೆ ನಾನು ಸ್ಟೇಷನ್ನಾಗ ಇರ್ತೀನಿ, ಬರ್ತೀಯಾ ಬಾ, ಲೇದಂಟೆ ಇಲ್ಲೇ ಕೂತು ಬತ್ತಿ ಹೊಸಿ, ಈ ಸಲ ಬಿಟ್ಟರೆ ಮತ್ತೆ ಕೂಡಸಂಗಿಲ್ಲ ಅಂತ ಹೇಳ್ಯಾರ. ಇವಳು ಕೊರಳ ಕಡೆ ಕೈ ಒಯ್ದಳು, ಎಸ್ತೇರಮ್ಮ ನೋಡಿದಳು, ಅದನ್ನ ತೆಗದಿಟ್ಟು ಬಾ ಅನ್ನಾಕ ನಾನ್ಯಾರು, ಅದು ನಿನ್ನ ದೇವರು, ಆದ್ರೆ ಎತ್ತಿದ ಮೇಲೆ ಕೈ ಇಳಿಸಬ್ಯಾಡ ತಲ್ಲಿ, ಅಷ್ಟೇ. ತಕ್ಕಡಿ ಬಂತು, ಎಸ್ತೇರಮ್ಮ ಅರಳೆ ಚೆನ್ನಾಗಿಲ್ಲ ಅಂತ ಹೋದಳು, ಪಂಪಮ್ಮ ಆಕೆಯ ಬೆನ್ನಿಗೆ ಬೈದಳು. ಆಗಿನಿಂದ ಅಕ್ಕನಾಗಮ್ಮನ ತಲೆಯಲ್ಲಿ ಒಂದೇ ಆಟ, ರಾತ್ರಿ ಹಗಲು. ಪಾಸಾಗುತ್ತಾಳೆ. ಬಿಳಿ ಸೀರೆ ಉಟ್ಟು, ಚೀಲ ಹಿಡಿದು, ಬೇಕಂತಲೇ ಹತ್ತಿ ಪೇಟೆಯ ನಡುವೆಯೇ ನಡೆಯುತ್ತಾಳೆ, ಗಾದಿಯ ಮುಂದೆ ನಿಲ್ಲುವುದಿಲ್ಲ, ತಿರುಗಿಯೂ ನೋಡುವುದಿಲ್ಲ. ಭಾವನ ಮಗಳು ದೀಪಾವಳಿ ಹೊತ್ತಿಗೆ ಚೊಚ್ಚಿಲ ಬಾಣಂತನಕ್ಕೆ ಬರುತ್ತಾಳೆ, ನೋವು ಹತ್ತುತ್ತದೆ, ಕೂಸು ಅಡ್ಡಾಗುತ್ತದೆ, ಇಲ್ಲ, ಅಡ್ಡಾಗದಿರಲಿ, ಆ ಹುಡುಗಿ ಏನು ಮಾಡಿದೆ, ಬರೇ ತಡವಾಗಲಿ, ಭಾವನ ಬಾಯಿ ಒಣಗುವಷ್ಟು ತಡವಾಗಲಿ. ಅವರೇ ಜಟಕಾ ತಗೊಂಡು ಆಸ್ಪತ್ರೆಯ ಬಾಗಿಲಿಗೆ ಬರಬೇಕು, ನಾಗವ್ವಾ ಅನ್ನಬೇಕು, ಪಂಪಮ್ಮನ ಬಾಯಲ್ಲಲ್ಲ, ತಮ್ಮ ಬಾಯಲ್ಲಿ. ಇವಳು ಬರುತ್ತಾಳೆ, ಖಂಡಿತ ಬರುತ್ತಾಳೆ, ಕೂಸನ್ನೂ ತಾಯಿಯನ್ನೂ ಉಳಿಸುತ್ತಾಳೆ, ಅದು ಸಿಟ್ಟಿಗೆ ಸೇರಿದ್ದಲ್ಲ. ಸಿಟ್ಟಿಗೆ ಸೇರಿದ್ದು ಹೊಸ್ತಿಲ ಹೊರಗೆ. ಬಿಸಿ ನೀರಿನ ಹಂಡೆ ಹಿಡಿಯಲು ಅವರನ್ನೇ ನಿಲ್ಲಿಸುತ್ತಾಳೆ, ಮೊದಲು ಕೈ ತೊಳೀರಿ ಭಾವ, ಅನ್ನುತ್ತಾಳೆ, ಸೋಪು ಹಚ್ಚಿ, ಉಂಗುರ ತೆಗದು, ಮೊಣಕೈ ತನಕ, ಎತ್ತಿ ಹಿಡೀರಿ, ಇಳಿಸಬ್ಯಾಡ್ರಿ, ನೀರು ತೊಟ್ಟಿಕ್ಕಲಿ, ಹೂಂ, ಇನ್ನೊಮ್ಮೆ ತೊಳೀರಿ, ಇನ್ನೊಮ್ಮೆ, ಉಗುರಿನ ಸಂದಿ ಬಿಟ್ಟೀರಿ ನೋಡ್ರಿ, ಇನ್ನೊಮ್ಮೆ.

ಪಂಪಾ, ಆಕೀನ್ನ ಕರಿ ಇಲ್ಲೆ. ಭಾವನ ದನಿ, ಅಂಗಳದಲ್ಲಿ ಮೆಟ್ಟು ಬಿಟ್ಟ ಸಪ್ಪಳ, ಅವಳು ಎದ್ದಳು, ತೊಡೆಯ ಮೇಲಿನ ಬತ್ತಿ ಉದುರಿದವು, ಬಾಗಿಲ ಮರೆಗೆ ನಿಂತಳು. ನೋಡನ್ನು ಆಕಿಗೆ, ಸೋಮವಾರಕ್ಕ ಸ್ವಾಮಿಗಳ ಕೈಲೆ ಕಟ್ಟಸೂದು ಇದು, ಹೊಸಾದು ಮಾಡಿಸೀನಿ ಅನ್ನು. ಭಾವ ಕರವಸ್ತ್ರ ಬಿಚ್ಚಿದರು, ಬೆಳ್ಳಿಯ ಕರಡಿಗೆ, ಲಿಂಗ ಇಡುವ ಬೆಳ್ಳಿಯ ಡಬ್ಬಿ, ಸರಪಳಿ ಸಮೇತ, ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದಾರೆ, ಬಿಸಿಲು ಅದಕ್ಕೆ ಬಡಿದು ಪಡಸಾಲೆಯ ತೊಲೆಯ ಮೇಲೆ ಓಡಾಡಿತು. ಕೊಂಡಿಯ ಹತ್ತಿರ ಒಂದು ತಗ್ಗು. ಅದು ಇವಳ ಹಲ್ಲಿನ ತಗ್ಗು, ಹಾಲುಹಲ್ಲು ಬರುವಾಗ ಕಚ್ಚಿದ್ದಂತೆ, ಅವ್ವ ಎಷ್ಟು ಸಲ ಹೇಳಿ ನಕ್ಕಿದ್ದಾಳೆ. ತವರಿನ ಕರಡಿಗೆ. ಚಂದ್ರಣ್ಣ ಹೋದ ಮೇಲೆ, ಗಂಡ ಇಲ್ಲದಾಕಿಗೆ ಬೆಳ್ಳಿ ಯಾತಕ್ಕ, ಬಟ್ಟಿಯಾಗ ಕಟಗೊಳ್ಳಲಿ ಅನ್ನು, ಅಂತ ಭಾವ ತಿಜೋರಿಗೆ ಹಾಕಿದ್ದರು, ಇವಳು ಬಟ್ಟೆಯಲ್ಲಿ ಕಟ್ಟಿಕೊಂಡಳು, ಹತ್ತಿಯ ದಾರ ಬೆವರಿಗೆ ನವೆಯಿತು — ಈ ಸರಪಳಿ ಕೊರಳಲ್ಲಿದ್ದಿದ್ದರೆ ಜಾರುತ್ತಿತ್ತೇ, ಕೈ ಇಳಿಯುತ್ತಿತ್ತೇ, ಡಾಕ್ಟರಮ್ಮ ಸತ್ತಳು ಅನ್ನುತ್ತಿದ್ದರೇ. ಪಂಪಮ್ಮನೂ ಗುರುತು ಹಿಡಿದಳು, ಹಿಡಿದವಳು ಮೊರದ ಜೋಳವನ್ನೇ ನೋಡತೊಡಗಿದಳು, ಈಗ ನಗು ಇಲ್ಲ. ಏನಂತಾಳ ಆಕಿ, ಅಂದರು ಭಾವ. ಛಲೋ ಐತ್ರಿ, ಅಂದಳು ಅಕ್ಕನಾಗಮ್ಮ, ಬಾಗಿಲ ಮರೆಯಿಂದ, ದನಿ ಅವಳಿಗೇ ಗುರುತು ಸಿಗದಷ್ಟು ಮೆತ್ತಗಿತ್ತು. ಊರೆಲ್ಲಾ ಬರತೈತಿ, ಉಚ್ಚೀರಪ್ಪ ಓಲಗ ಹೇಳ್ಯಾನ, ಹೊತ್ತಿಗೆ ಸರಿಯಾಗಿ ತಯಾರಾಗಿರಲಿ ಅನ್ನು. ಇರತೀನ್ರಿ. ಭಾವ ಹೋದರು.

ಬಂದು ಅರಳೆಯ ಮುಂದೆ ಕೂತಳು. ಇರುತ್ತಾಳೆ, ತಯಾರಾಗಿಯೇ ಇರುತ್ತಾಳೆ. ಮಠಕ್ಕೆ ಮೊದಲು ಗಂಡಸರು ಹೋಗುತ್ತಾರೆ, ಪಂಪಮ್ಮ ಬುತ್ತಿ ಹೊರಿಸಿಕೊಂಡು ಹೋಗುತ್ತಾಳೆ, ನೀ ಮಿಂದು ಹಿಂದಿಂದ ಬಾ ಅನ್ನುತ್ತಾಳೆ, ಹೂಂ ಅನ್ನಬೇಕು, ಹಿತ್ತಿಲ ಬಾಗಿಲು, ತಿಪ್ಪೆಯ ಬದು, ಹತ್ತಿ ಪ್ರೆಸ್ಸಿನ ಗೋಡೆಯ ಹಿಂದಿನ ಹಾದಿ, ಸ್ಟೇಷನ್ನು. ಅಲ್ಲಿ ಓಲಗ ಊದಲಿ, ದೀಪ ಉರಿಯಲಿ, ಸ್ವಾಮಿಗಳು ಬಾಗಿಲು ನೋಡಲಿ, ಹತ್ತಿ ಪೇಟೆಯವರೆಲ್ಲ ಕೂತಿರುವಾಗ ಭಾವ ಕದ್ದ ಬೆಳ್ಳಿಯನ್ನು ಕೈಯಲ್ಲಿ ಹಿಡಿದು ನಿಂತಿರಲಿ, ಹೋಗಿ ಕರಕೊಂಡು ಬರ್ರೆಪ್ಪ ಅನ್ನಲಿ, ಮನ್ಯಾಗ ಇಲ್ರೀ ಅಂತ ಉಚ್ಚೀರಪ್ಪನೇ ಬಂದು ಎಲ್ಲರ ಮುಂದೆ ಹೇಳಲಿ, ಅವನ ಬಾಯಿ ದೊಡ್ಡದು, ಅಷ್ಟು ಹೊತ್ತಿಗೆ ಬಂಡಿ ಗುಂತಕಲ್ಲಿನ ಕಡೆ ಹೊರಟಿರುತ್ತದೆ. ಲಿಂಗದ ಬಟ್ಟೆಯನ್ನು ನಾಳೆ ಕುಪ್ಪಸದ ಒಳಗೇ ಹೊಲಿದುಕೊಳ್ಳಬೇಕು, ಎರಡು ಎಳೆ ದಾರದಲ್ಲಿ, ಬಿಗಿಯಾಗಿ. ಹೊಲಿಗೆಯೂ ಬಿಡಬಹುದು. ಬೆವರಿಗೆ ಯಾವ ದಾರ ತಾಳುತ್ತದೆ. ಬಿಟ್ಟರೆ — ಬೆರಳು ನಿಂತಿತು, ಅರ್ಧ ಹೊಸೆದ ಬತ್ತಿ ತೊಡೆಯ ಮೇಲೆ ಉಳಿಯಿತು — ಬಿಟ್ಟರೆ, ನೆತ್ತಿ ಕಾಣುತ್ತಿರುವಾಗ, ಬಗ್ಗಿದಾಗ, ಕುಪ್ಪಸದಿಂದ ಲಿಂಗ ಜಾರಿದರೆ. ನೀನು ಬೀಳು. ನಿನ್ನನ್ನು ಆಮೇಲೆ ಎತ್ತಿಕೊಳ್ಳುತ್ತೇನೆ, ಕೂಸು ಅತ್ತ ಮೇಲೆ, ಅಳುತ್ತ ಎತ್ತಿಕೊಳ್ಳುತ್ತೇನೆ, ನೆಲಕ್ಕೆ ಬಿದ್ದ ಲಿಂಗ ಕಟ್ಟಿಕೊಂಡಾಕಿ ಅಂತ ಮಠ ಹೊರಗೆ ಹಾಕಿದರೆ ಹಾಕಲಿ. ಏನ ವಿಚಾರ ಮಾಡಾಕತ್ತೀ ನಾಗವ್ವ, ಅಂದಳು ಪಂಪಮ್ಮ, ಮೆಲ್ಲಗೆ. ಏನಿಲ್ಲಕ್ಕ. ಏನಿಲ್ಲ, ಕಣ್ಣ ಮುಂದೆ ಆ ವಾರ್ಡು, ಎರಡೂ ಕೈ ಮೇಲೆ ಇವೆ, ನೀರು ಮಣಿಕಟ್ಟಿನಿಂದ ಮೊಣಕೈಗೆ ಇಳಿಯುತ್ತಿದೆ, ಮೊಣಕೈಯಿಂದ ಒಂದು ತೊಟ್ಟು, ಕಾಲ ಬಳಿ ನೆಲದ ಮೇಲೆ ಕಲ್ಲು ಬಿದ್ದಂಥ ಸಣ್ಣ ಸಪ್ಪಳ, ಕೈ ಮೇಲೆ ಇವೆ, ಇನ್ನೊಂದು ತೊಟ್ಟು, ಕೈ ಮೇಲೆಯೇ ಇವೆ