ಮೂವತ್ತೊಂದನೆಯ ಹಾಸಿಗೆ

ಅತ್ತಿಗೆಯ ಆಪರೇಷನ್ ಮೂರನೆಯ ಸಲವೂ ಮುಂದೆ ಹೋಯಿತು. "ನಿನ್ನ ಕಂಪ್ಯೂಟರಿಗೆ ನನ್ನ ಮೇಲೆ ಅದೇನೇ ಹಗೆ, ಪುಟ್ಟಿ?" ಎಂದು ಅತ್ತಿಗೆ ಹೊಟ್ಟೆ ಹಿಡಿದುಕೊಂಡೇ ನಕ್ಕಳು. ಪುಟ್ಟಿಗೆ ನಗು ಬರಲಿಲ್ಲ. ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ಅವಳೇ. ನಾಳೆ ದಾಟಿದರೆ ಗಡ್ಡೆ ಒಡೆಯಬಹುದೆಂದು ಡಾಕ್ಟರು ಹೇಳಿಯಾಗಿತ್ತು.

ಕೆಳಮಹಡಿಯ ತನ್ನ ಕೋಣೆಯಲ್ಲಿ ಅವಳು ಆಪರೇಷನ್ನಿನ ಪಟ್ಟಿ ತೆರೆದಳು. ನಾಳೆಯ ಏಕೈಕ ಸರದಿ: ನಾಲ್ಕನೆಯ ವಾರ್ಡು, ಮೂವತ್ತೊಂದನೆಯ ಹಾಸಿಗೆ, ಹೆಂಗಸು, ಅತ್ಯಂತ ತುರ್ತು. ಹಿಂದಿನ ಸಲಗಳಲ್ಲೂ ಇವಳೇ. ಪ್ರತಿ ಸಲವೂ ಥಿಯೇಟರಿನವರು ಕಾದು ಕಾದು 'ರೋಗಿ ಸಿದ್ಧರಿಲ್ಲ' ಎಂದು ಒತ್ತಿದ್ದರು. ಒತ್ತಿದಷ್ಟೂ ಅವಳ ತುರ್ತು ಏರುತ್ತ ಹೋಗಿತ್ತು.

ಪುಟ್ಟಿ ವಾರ್ಡಿಗೆ ಹೋಗಿ ಎಣಿಸಿದಳು. ಮೂವತ್ತಕ್ಕೆ ಹಾಸಿಗೆ ಮುಗಿದು ಗೋಡೆ ಬಂತು.

"ಅಕ್ಕಾ, ಮೂವತ್ತೊಂದು ಎಲ್ಲಿ?"

ಹಿರಿಯ ನರ್ಸ್ ಹಣೆ ಚಚ್ಚಿಕೊಂಡಳು. "ಅಯ್ಯೋ ತಾಯಿ, ಅಲ್ಲಿ ಯಾರೂ ಇಲ್ಲ ಕಣೇ. ತುರ್ತಿಗೆ ಕೆಳಗಡೆಯಿಂದ ಔಷಧಿ ಬರೋಷ್ಟರಲ್ಲಿ ಜೀವ ಹೋಗಿರುತ್ತೆ. ಅದಕ್ಕೇ ಇಲ್ಲದ ಹಾಸಿಗೆ ಹೆಸರಲ್ಲಿ ನಾಲ್ಕು ಸೀಸೆ ತರಿಸಿ ಇಟ್ಕೋತೀವಿ. ನಾನು ಸೇರೋಕೆ ಮುಂಚಿನ ಪದ್ಧತಿ."

"ಮತ್ತೆ ಕಂಪ್ಯೂಟರಿನಲ್ಲಿ ಅವಳ ರಕ್ತದ ವರದಿ ಇದೆಯಲ್ಲ?"

"ವರದೀನಾ?" ನರ್ಸಿನ ಮುಖ ಸಪ್ಪಗಾಯಿತು. "ಅದು ನಮ್ಮದಲ್ಲಮ್ಮ."

ಅದು ಔಷಧಿ ಕೋಣೆಯವನದು. "ವರದಿ ಇಲ್ಲದೆ ಈ ಕಂಪ್ಯೂಟರು ಸೀಸೆ ಬಿಡಲ್ಲ ಮೇಡಂ. ಯಾರದೋ ಹಳೇದನ್ನ ಅಂಟಿಸ್ತೀನಿ. ಯಾರಿಗೇನು ಕಷ್ಟ?" ಅಡುಗೆಕೋಣೆಯಲ್ಲಿ ಊಟ ಬಡಿಸುವವಳು, ತಟ್ಟೆ ಮುಟ್ಟಿಲ್ಲವೆಂದರೆ ಮೇಲಿನವರು ವಿವರಣೆ ಕೇಳುತ್ತಾರೆಂದು ದಿನವೂ 'ಅರ್ಧ ಉಂಡರು' ಎಂದು ಒತ್ತುತ್ತಿದ್ದಳು.

"ಅರ್ಧ ಯಾಕೆ?"

"ಕಾಯಿಲೆಯವಳಲ್ವಾ, ಪಾಪ. ಪೂರ್ತಿ ಹೇಗೆ ಉಣ್ತಾಳೆ?"

ಎಲ್ಲಿ ಕೆಟ್ಟಿದೆಯೋ ಆ ಭಾಗವನ್ನು ಹುಡುಕಿ ತೆಗೆಯಬೇಕೆಂದು ಪುಟ್ಟಿ ಕಲಿತಿದ್ದಳು. ಇಲ್ಲಿ ಯಾವುದೂ ಕೆಟ್ಟಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಕೆಲಸ ನಿಲ್ಲದಿರಲೆಂದು ಚಿಕ್ಕದೊಂದು ಸುಳ್ಳು ಹಾಕಿ ಬಾಯಿ ಮುಚ್ಚಿಕೊಂಡಿದ್ದರು. ಆ ಮೌನಗಳನ್ನೆಲ್ಲ ಕೂಡಿಸಿ ನೋಡಿದ್ದು ಯಂತ್ರ ಮಾತ್ರ. ತಾನು ಬಂದಾಗಿನಿಂದ ಹನ್ನೊಂದು ವರ್ಷ ಔಷಧಿ ಕುಡಿದೂ ಅರ್ಧವೇ ಉಣ್ಣುವ ಹೆಂಗಸೊಬ್ಬಳು ಸಾಯುತ್ತಿದ್ದಾಳೆಂದು ಅದಕ್ಕೆ ಅರ್ಥವಾಗಿ, ಆಪರೇಷನ್ನಿನ ಪಟ್ಟಿಗೆ ಸೇರಿಸಿತ್ತು. ಅವಳನ್ನು ಯಾರೂ ಮಾಡಿರಲಿಲ್ಲ. ಅವಳು ತಾನಾಗಿಯೇ ಆಗಿದ್ದಳು.

ಅಳಿಸಿಬಿಡಲೇ? ಮೇಜಿನ ಗಾಜಿನ ಕೆಳಗೆ, ಅವಳಿಗಿಂತ ಹಿಂದೆ ಈ ಕೆಲಸದಲ್ಲಿದ್ದವನು ಅಂಟಿಸಿಟ್ಟ ಚೀಟಿ ಇತ್ತು: 'ಮೂವತ್ತೊಂದನ್ನು ಅಳಿಸಬೇಡಿ.' ಅವನು ಅಳಿಸಿದ ದಿನ ಔಷಧಿಯ ಲೆಕ್ಕ ತಪ್ಪಿ, ಅದರ ಹಿಂದೆಯೇ ವಾರ್ಡು, ಥಿಯೇಟರು, ಒಂದೊಂದಾಗಿ ಇಡೀ ಆಸ್ಪತ್ರೆಯ ಪರದೆಗಳು ಕಪ್ಪಾಗಿದ್ದವಂತೆ. ನಾಳೆ ಹಾಗಾದರೆ ಅತ್ತಿಗೆಯ ಗತಿ?

ಉಳಿದದ್ದು ಒಂದೇ ದಾರಿ. ಎಲ್ಲ ರೋಗಿಗಳ ಹಾಗೆ ಅವಳನ್ನೂ ಕ್ರಮವಾಗಿ ಮನೆಗೆ ಕಳಿಸುವುದು. ಪುಟ್ಟಿ 'ಗುಣವಾಗಿದೆ' ಎಂದು ಒತ್ತಿದಳು. 'ಕರೆದೊಯ್ಯುವವರು ಯಾರು?' ಎಂದು ಪರದೆ ಕೇಳಿತು. ಖಾಲಿ ಬಿಟ್ಟರೆ ಒಪ್ಪಲಿಲ್ಲ. ತನ್ನ ಹೆಸರು, ಫೋನ್ ನಂಬರು ಬರೆದಳು. ಸಂಬಂಧ? ಅತ್ತಿಗೆಯ ಫಾರಮ್ಮಿನಲ್ಲಿ ಬರೆದು ರೂಢಿಯಾಗಿದ್ದದ್ದೇ ಬಂತು: ನಾದಿನಿ. ಬಿಡುಗಡೆ, ನಾಳೆ ಸಂಜೆ ನಾಲ್ಕಕ್ಕೆ.

ಪಟ್ಟಿಯಲ್ಲಿ ಅತ್ತಿಗೆಯ ಹೆಸರು ಮೇಲೆ ಬಂತು.

ಮರುದಿನ ಆಪರೇಷನ್ ಸಲೀಸಾಗಿ ಮುಗಿಯಿತು. ಅತ್ತಿಗೆ ಮಂಪರಿನಲ್ಲಿ ಮಲಗಿದ್ದಳು. ಪುಟ್ಟಿ ಅವಳ ಕೈ ಹಿಡಿದು ಕೂತಿದ್ದಳು. ನಾಲ್ಕಕ್ಕೆ ಸರಿಯಾಗಿ ಫೋನ್ ಬಂತು. ಮುಂಬಾಗಿಲ ಕಾವಲಿನವನು.

"ಮೇಡಂ, ನಿಮ್ಮ ಅತ್ತಿಗೆ ಇಲ್ಲಿ ಕೂತಿದಾರೆ. ಕರ್ಕೊಂಡು ಹೋಗ್ತೀರಲ್ಲ?"

ಪುಟ್ಟಿ ಹಿಡಿದಿದ್ದ ಕೈಯನ್ನು ನೋಡಿದಳು. ಬೆಚ್ಚಗಿತ್ತು.

"ಪರದೆ ನೋಡಿ ಹೇಳ್ತಿದೀಯೇನಪ್ಪಾ?"

"ಪರದೆ ಯಾಕೆ ಮೇಡಂ, ಎದುರಿಗೇ ಇದಾರಲ್ಲ. ಪಾಪ, ಬಿಸ್ಕೆಟ್ ಕೊಟ್ಟೆ. ಅರ್ಧ ತಿಂದು ಅರ್ಧ ಹಾಗೇ ಇಟ್ಟಿದಾರೆ."